ಹಿತ್ತಾಳೆ ಬೆಳಗಲು ಯಾವುದು ಸೈ: ಹುಣಸೆ, ಪೀತಾಂಬರಿ, ಬ್ರಾಸೋ, ಅಂಗಡಿ ಪಾಲಿಶ್

ಮೊದಲು ತೀರ್ಪು ಹೇಳಿಬಿಡೋಣ. ದೇವರ ಕೋಣೆಯ ಸಮೆ (ಕಾಲುದೀಪ), ಚರಿಗೆ, ಪಂಚಪಾತ್ರೆ, ಗಂಟೆಗೆ ಹುಣಸೆಹಣ್ಣು, ಅದರ ಬೆನ್ನಿಗೇ ಪೀತಾಂಬರಿ ಪುಡಿ. ಬಾಗಿಲ ಚಿಲಕ, ಉಯ್ಯಾಲೆಯ ಸರಪಳಿ, ಹೆಸರಿನ ಫಲಕಕ್ಕೆ ಬ್ರಾಸೋ ಎಂಬ ಪಾಲಿಶ್ ದ್ರವ. ಗೀರು ಬಿದ್ದ, ನೆಗ್ಗಿದ ಹಂಡೆ ಮತ್ತು ಕೊಡಕ್ಕೆ ಮಾತ್ರ ಅಂಗಡಿಯ ಮಶೀನ್ ಪಾಲಿಶ್. ಅದ್ದಿ ತೆಗೆದರೆ ಸಾಕು ಎಂದು ಮಾರುವ ದ್ರವಗಳಿಗೆ ದುಡ್ಡು ಹಾಕಬೇಡಿ. ಯಾವುದರಿಂದ ತಿಕ್ಕಿದರೂ ತೊಳೆದು ಒರೆಸುವ ಕೆಲಸ ಅರ್ಧಕ್ಕೆ ಬಿಟ್ಟರೆ ವಾರದೊಳಗೆ ಮತ್ತೆ ಕಂದು ಬಣ್ಣವೇ. ಆ ಕೆಲಸದ ಬಗ್ಗೆ ಯಾವ ಪ್ಯಾಕೆಟ್ ಮೇಲೂ ದೊಡ್ಡ ಅಕ್ಷರದಲ್ಲಿ ಬರೆದಿರುವುದಿಲ್ಲ.

ತಿಕ್ಕಲು ಕೂರುವ ಮುಂಚೆ ಕೈಯಲ್ಲಿರುವುದು ಹಿತ್ತಾಳೆಯೇ ಎಂದು ನೋಡಿಕೊಳ್ಳಿ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಹಿಡಿಯಿರಿ. ಕಚ್ಚಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿರುವುದು ತೆಳು ಲೇಪ. ಅದನ್ನು ಯಾವ ಪುಡಿಯಿಂದ ತಿಕ್ಕಿದರೂ ಲೇಪವೇ ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಟ್ಟುಬಿಡಿ. ಎರಡನೆಯದು ಲ್ಯಾಕರ್. ಈಚಿನ ಶೋಪೀಸುಗಳ ಮೇಲೆ ಬಣ್ಣವಿಲ್ಲದ ಲ್ಯಾಕರ್, ಅಂದರೆ ವಾರ್ನಿಶ್‌ನಂಥ ಲೇಪ, ಹೊಡೆದಿರುತ್ತಾರೆ. ಅದು ಎಲ್ಲೋ ಒಂದು ಕಡೆ ಕಿತ್ತು, ಅದರಡಿ ಜೇಡರ ಬಲೆಯ ಹಾಗೆ ಕಪ್ಪು ಹರಡಿದ್ದರೆ ಹುಣಸೆ ಎಷ್ಟು ಹಚ್ಚಿದರೂ ಕಲೆ ಕದಲುವುದಿಲ್ಲ, ಹುಳಿ ಲೋಹದವರೆಗೆ ಮುಟ್ಟುವುದೇ ಇಲ್ಲ. ಹತ್ತಿಯಲ್ಲಿ ಥಿನ್ನರ್ ಇಲ್ಲವೇ ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ತೆಗೆದುಕೊಂಡು ತಳದಲ್ಲಿ ಒಂದು ಮೂಲೆ ಒರೆಸಿ ನೋಡಿ. ಹತ್ತಿ ಅಂಟಂಟಾದರೆ ಲ್ಯಾಕರ್ ಇದೆ ಎಂದರ್ಥ. ಪೂರ್ತಿ ತೆಗೆದ ಮೇಲೇ ಮುಂದಿನ ಕೆಲಸ.

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಗಾಳಿ ತಾಗಿ ಮೇಲ್ಮೈಯ ತಾಮ್ರ ಆಕ್ಸೈಡ್ ಆಗುತ್ತದೆ, ಅದೇ ಕಂದು ಪದರ. ತೇವ, ಕೈಬೆವರು, ಉಪ್ಪು, ಹುಳಿ ಸೇರಿದಲ್ಲಿ ಹಸಿರು ಕಿಲುಬು ಏಳುತ್ತದೆ. ಇದರ ಮೇಲೆ ದೀಪದ ಎಣ್ಣೆ, ಮಸಿ, ಕುಂಕುಮದ ಜಿಡ್ಡು. ಅಂದರೆ ಮಾಡಬೇಕಾದ ಕೆಲಸ ಮೂರು: ಜಿಡ್ಡು ತೆಗೆಯುವುದು, ಕಿಲುಬು ಕರಗಿಸುವುದು, ಉಳಿದದ್ದನ್ನು ನಯವಾಗಿ ಸವೆಸಿ ಹೊಳಪು ತರುವುದು. ಮೊದಲನೆಯದು ಸೋಪು ಮತ್ತು ಸೋಡಾದ ಕೆಲಸ, ಎರಡನೆಯದು ಹುಳಿಯದು, ಮೂರನೆಯದು ನುಣುಪಾದ ಪುಡಿಯದು. ಯಾವ ಸಾಮಾನು ಎಷ್ಟು ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಅದು ಈ ಮೂರರಲ್ಲಿ ಯಾವುದನ್ನು ಮಾಡುತ್ತದೆ ಎಂಬುದರಲ್ಲೇ ಇದೆ.

ಪೀತಾಂಬರಿ ಕೆಲಸ ಮಾಡಲಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಜಿಡ್ಡಿನ ಮೇಲೇ ಪುಡಿ ಹಾಕಿದವರದ್ದು. ಎಣ್ಣೆಯ ಪದರ ದಾಟಿ ಹುಳಿ ಒಳಗಿಳಿಯುವುದಿಲ್ಲ. ಸಮೆಯನ್ನು ಮೊದಲು ಬಿಚ್ಚಿ. ತಿರುಪಿನಿಂದ ಜೋಡಿಸಿದ ತುಂಡುಗಳೇ ಹೆಚ್ಚು. ತಿರುಪು ಎಣ್ಣೆಗೆ ಅಂಟಿ ಹಿಡಿದಿದ್ದರೆ ಇಕ್ಕಳ ಹಾಕಬೇಡಿ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಐದು ನಿಮಿಷ ಬಿಡಿ, ಸಡಿಲವಾಗುತ್ತದೆ. ಹಳೇ ಪೇಪರಿನಿಂದ ಎಣ್ಣೆ ಒರೆಸಿ ತೆಗೆಯಿರಿ. ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಬಟ್ಟೆ ಸೋಡಾ ಹಾಕಿ, ತುಂಡುಗಳನ್ನು 10 ನಿಮಿಷ ನೆನೆಸಿ, ಹಳೇ ಟೂತ್‌ಬ್ರಶ್ಶಿನಿಂದ ಕೆತ್ತನೆಯ ಸಂದಿಗಳನ್ನು ಉಜ್ಜಿ. ಬತ್ತಿ ಇಡುವ ಮೂತಿಯಲ್ಲಿ ಎಣ್ಣೆ ಸುಟ್ಟು ಅರಗಿನಂತೆ ಕೂತಿದ್ದರೆ ಹಿಂದಿನ ರಾತ್ರಿಯೇ ಅಲ್ಲಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟಿಡಿ, ಹಳೇ ಜಿಡ್ಡು ಮೆತ್ತಗಾಗುತ್ತದೆ. ಅದನ್ನು ಬಿದಿರಿನ ಕಡ್ಡಿಯಿಂದ ಕೆರೆಯಿರಿ, ಚಾಕು ಬೇಡ.

ಒಂದು ಎಚ್ಚರಿಕೆ. ತಳ ಭಾರವಾಗಿರಲೆಂದು ಕೆಲವು ದೀಪಗಳ ಬುಡದಲ್ಲಿ ಪ್ಲಾಸ್ಟರ್ ಇಲ್ಲವೇ ಸಿಮೆಂಟು ತುಂಬಿರುತ್ತಾರೆ. ತೆಳು ತಗಡಿನ ಮುಖವಾಡಗಳ ಒಳಗೆ ಅರಗು ಇರುತ್ತದೆ. ಇಂಥವನ್ನು ಬಿಸಿನೀರಲ್ಲಿ ಮುಳುಗಿಸಿದರೆ ಅರಗು ಕರಗಿ ಹೊರಬರುತ್ತದೆ, ಪ್ಲಾಸ್ಟರ್ ನೀರು ಹೀರಿ ವಾರಗಟ್ಟಲೆ ತಳದಿಂದ ಜಿನುಗುತ್ತದೆ. ತಟ್ಟಿದಾಗ ಗಂಟೆಯ ನಾದ ಬಾರದೆ ಮಂದ ಸದ್ದು ಬಂದರೆ ಮುಳುಗಿಸಬೇಡಿ, ಬಟ್ಟೆಯಿಂದಲೇ ಒರೆಸಿ.

ಇನ್ನು ಹುಣಸೆ. ದೊಡ್ಡ ಲಿಂಬೆಹಣ್ಣಿನಷ್ಟು ಹುಣಸೆ, ಒಂದು ಲೋಟ ಬಿಸಿನೀರು, ಒಂದು ಚಹಾ ಚಮಚ ಪುಡಿ ಉಪ್ಪು. ಹುಣಸೆ 15 ನಿಮಿಷ ನೆನೆದ ಮೇಲೆ ಕಿವುಚಿ, ಬೀಜ ಮತ್ತು ನಾರು ತೆಗೆದು, ಉಪ್ಪು ಪೂರ್ತಿ ಕರಗುವವರೆಗೆ ಕಲಸಿ. ಒಂದು ಮೊಳದ ಸಮೆ, ಎರಡು ಚರಿಗೆ, ಒಂದು ಆರತಿ ತಟ್ಟೆಗೆ ಇದು ಸಾಕು. ಸಾರಿಗೆ ಬೇಡವೆಂದು ಡಬ್ಬಿಯ ತಳದಲ್ಲಿ ಉಳಿದ, ಕಪ್ಪಾದ ಹಳೇ ಹುಣಸೆಯೇ ಇದಕ್ಕೆ ಆಗುತ್ತದೆ. ಹೊಸ ಹಣ್ಣು ಹಾಳು ಮಾಡುವ ಅಗತ್ಯವಿಲ್ಲ. ಹುಣಸೆಯ ಟಾರ್ಟಾರಿಕ್ ಆಮ್ಲ ಆಕ್ಸೈಡನ್ನು ಕರಗಿಸುತ್ತದೆ, ಉಪ್ಪಿನ ಕ್ಲೋರೈಡ್ ಆ ಕೆಲಸಕ್ಕೆ ವೇಗ ಕೊಡುತ್ತದೆ. ಉಪ್ಪಿಲ್ಲದೆಯೂ ಆಗುತ್ತದೆ, ಹೊತ್ತು ಹಿಡಿಯುತ್ತದೆ. ಕಲ್ಲುಪ್ಪನ್ನು ಹಾಗೇ ಹಾಕಿ ತಿಕ್ಕಿದರೆ ಹರಳು ಕರಗುವ ಮುಂಚೆಯೇ ಗೀರು ಬೀಳುತ್ತದೆ.

ಹಚ್ಚಿ ಎರಡರಿಂದ ಮೂರು ನಿಮಿಷ. ಐದು ದಾಟಿಸಬೇಡಿ. ರಾತ್ರಿಯಿಡೀ ಹುಣಸೆ ನೀರಲ್ಲಿ ಹಾಕಿಟ್ಟರೆ ತಿಕ್ಕುವ ಕಷ್ಟವೇ ಇಲ್ಲ ಎಂಬ ಸಲಹೆ ಊರ ತುಂಬ ಓಡಾಡುತ್ತದೆ, ಹಾಳಾಗುವುದು ಅಲ್ಲಿಯೇ. ಹುಳಿ ಆಕ್ಸೈಡ್ ಮುಗಿಸಿದ ಮೇಲೆ ಹಿತ್ತಾಳೆಯ ಸತುವನ್ನು ತಿನ್ನಲು ಶುರುಮಾಡುತ್ತದೆ. ಸತು ತಾಮ್ರಕ್ಕಿಂತ ಬೇಗ ಕರಗುವ ಲೋಹ. ಮೇಲ್ಮೈಯಲ್ಲಿ ಉಳಿಯುವುದು ತಾಮ್ರ. ನೀರಿನಲ್ಲಿ ಕರಗಿದ ತಾಮ್ರವೂ ಬಂದು ಅಲ್ಲೇ ಕೂರುತ್ತದೆ. ಬೆಳಿಗ್ಗೆ ನೋಡಿದರೆ ಚರಿಗೆಯ ಮೇಲೆ ಗುಲಾಬಿ ಕೆಂಪು ತೇಪೆಗಳು. ಆಗ ಇನ್ನಷ್ಟು ಹುಣಸೆ ಹಚ್ಚಿದರೆ ತೇಪೆ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಮೇಲ್ಪದರದಲ್ಲಷ್ಟೇ ಇದ್ದರೆ ಪೀತಾಂಬರಿ ಇಲ್ಲವೇ ಬ್ರಾಸೋ ಹಾಕಿ ತಿಕ್ಕಿ ಸವೆಸಬಹುದು. ಆಳಕ್ಕೆ ಇಳಿದಿದ್ದರೆ ಮಶೀನೇ ಗತಿ.

ಲಿಂಬೆಹಣ್ಣು ಇದೇ ಕೆಲಸವನ್ನು ಇನ್ನೂ ಚುರುಕಾಗಿ ಮಾಡುತ್ತದೆ, ಆದರೆ ಕೆತ್ತನೆಯ ಒಳಗೆ ಹೋಗುವುದಿಲ್ಲ. ತಟ್ಟೆ, ಪರಾತದಂಥ ಸಪಾಟು ಸಾಮಾನಿಗೆ ಅರ್ಧ ಹೋಳು ಹಿಡಿದು ಉಜ್ಜಲು ಅನುಕೂಲ. ಹುಳಿ ಮಜ್ಜಿಗೆ ನಿಧಾನ, ಆದರೆ ತೀರ ಸೌಮ್ಯ. ತೆಳು ಗೆರೆಯ ಹಳೇ ಸಾಮಾನಿಗೆ ಹತ್ತು ನಿಮಿಷ ಹಚ್ಚಿಡಬಹುದು. ಲಿಂಬೆರಸಕ್ಕೆ ಅಡುಗೆ ಸೋಡಾ ಬೆರೆಸಿ ಬುರುಬುರು ನೊರೆ ಎಬ್ಬಿಸುವ ವಿಡಿಯೋಗಳಿಗೆ ಮಾತ್ರ ಅಂಕ ಸೊನ್ನೆ. ಆಮ್ಲ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪಿನಂಥ ನೀರು. ನೊರೆ ನೋಡಲು ಚೆಂದ, ಕಿಲುಬಿಗೆ ಏನೂ ಆಗುವುದಿಲ್ಲ.

ಪೀತಾಂಬರಿಗೆ ಬರೋಣ. ಠಾಣೆಯ ಕಂಪನಿಯದಾದರೂ ನಮ್ಮ ಕಡೆ ಆ ಜಾತಿಯ ಪುಡಿಗೆಲ್ಲ ಅದೇ ಹೆಸರು. ಬೇರೆ ಕಂಪನಿಯ ಪುಡಿ ಕೊಟ್ಟರೂ ಅಂಗಡಿಯವರು ‘ತಗೋರಿ, ಪೀತಾಂಬರಿ’ ಎಂದೇ ಕೊಡುತ್ತಾರೆ. ಪ್ಯಾಕೆಟ್ ಮೇಲಿನ ಹೆಸರು ಓದಿಕೊಳ್ಳಿ. ಪುಡಿಯ ಬಲ ಇರುವುದು ಹುಳಿ ಮತ್ತು ತಿಕ್ಕುವ ಪುಡಿ ಎರಡೂ ಒಟ್ಟಿಗೇ ಇರುವುದರಲ್ಲಿ. ಕಂದು ಪದರ ತೆಳುವಾಗಿದ್ದರೆ, ಅಂದರೆ ವಾರಕ್ಕೊಮ್ಮೆ ಬೆಳಗುವ ಮನೆಗಳಲ್ಲಿ, ಹುಣಸೆಯ ಗೊಡವೆಯೇ ಬೇಡ, ಇದೊಂದೇ ಸಾಕು. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದ ಸಾಮಾನಿಗೆ ಇದನ್ನೇ ನೆಚ್ಚಿಕೊಂಡರೆ ಅರ್ಧ ಪ್ಯಾಕೆಟ್ ಖರ್ಚಾಗಿ ತೋಳು ನೋಯುತ್ತದೆ. ಅಲ್ಲಿ ಮೊದಲು ಹುಣಸೆ, ಆಮೇಲೆ ಪುಡಿ.

ಒಂದು ಚರಿಗೆಗೆ ಒಂದು ಚಹಾ ಚಮಚ ಪುಡಿ ಸಾಕು. ಪಾತ್ರೆ ಒದ್ದೆಯಾಗಿರಬೇಕು, ನೀರು ಸುರಿಯುತ್ತಿರಬಾರದು; ಪುಡಿ ಗಟ್ಟಿ ಚಟ್ನಿಯ ಹದಕ್ಕೆ ಬಂದಾಗ ಕೆಲಸ ಚೆನ್ನಾಗಿ ಆಗುತ್ತದೆ, ತೆಳುವಾದರೆ ಹರಿದುಹೋಗುತ್ತದೆ. ಹಳೇ ಧೋತರದ ತುಂಡು ಅಥವಾ ಬನಿಯನ್ ಬಟ್ಟೆಯಲ್ಲಿ ತಿಕ್ಕಿ. ಸ್ಟೀಲಿನ ಜುಂಗು ಬೇಡವೇ ಬೇಡ: ಗೀರು ಬೀಳುವುದಲ್ಲದೆ ಅದರ ಕಬ್ಬಿಣದ ಎಳೆ ಸಂದಿಯಲ್ಲಿ ಉಳಿದು ತುಕ್ಕು ಹಿಡಿಯುತ್ತದೆ. ಹಸಿರು ಸ್ಕ್ರಬ್ ಪ್ಯಾಡಿನಲ್ಲೂ ಗಡಸು ಹರಳು ಇರುತ್ತದೆ, ಅದೂ ಗೀರುತ್ತದೆ. ಯಂತ್ರದ ಮೇಲೆ ತಿರುಗಿಸಿ ಕಡೆದ ಚರಿಗೆ, ತಂಬಿಗೆಗಳಲ್ಲಿ ಸೂಕ್ಷ್ಮ ವರ್ತುಲ ಗೆರೆಗಳಿರುತ್ತವೆ; ಅವುಗಳ ಗುಂಟವೇ ಸುತ್ತಲೂ ತಿಕ್ಕಿದರೆ ಹೊಳಪು ಒಂದೇ ಸಮ ಬರುತ್ತದೆ. ಮೇಲೆ-ಕೆಳಗೆ ತಿಕ್ಕಿದರೆ ಬಿಸಿಲಲ್ಲಿ ಹಿಡಿದಾಗ ಅಡ್ಡಗೀರು ಕಾಣುತ್ತದೆ.

ಈ ಪುಡಿಗಳ ಕೊರತೆ ಎರಡು. ಒಂದು, ಕೆತ್ತನೆಯಲ್ಲಿ ಬಿಳಿ ಉಳಿಯುತ್ತದೆ. ಪುಡಿ ಪಾತ್ರೆಯ ಮೇಲೆ ಒಣಗಲು ಬಿಟ್ಟರಂತೂ ಕಲ್ಲಿನಂತೆ ಕೂರುತ್ತದೆ, ಆದ್ದರಿಂದ ಒಂದು ಪಾತ್ರೆ ಮುಗಿಸಿ ತೊಳೆದೇ ಇನ್ನೊಂದಕ್ಕೆ ಕೈ ಹಾಕಿ. ಎರಡು, ಮಳೆಗಾಲದಲ್ಲಿ ತೆರೆದ ಪ್ಯಾಕೆಟ್ ತೇವ ಹೀರಿ ಗಂಟು ಕಟ್ಟುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಸುರಿದು ಒಣ ಚಮಚ ಇಡಿ. ಗಂಟಾದ ಪುಡಿಯನ್ನು ಹಾಗೇ ತಿಕ್ಕಿದರೆ ಗೀರು, ನೀರಲ್ಲಿ ಕಲಸಿಕೊಂಡೇ ಬಳಸಿ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿಕೊಳ್ಳಿ, ಉರಿ ಸುಮ್ಮನೆ ಅಲ್ಲ.

ಬೂದಿ, ಇಟ್ಟಂಗಿ ಪುಡಿ, ರಂಗೋಲಿ ಎಂಬ ಹಳೇ ಮೂವರನ್ನು ಒಂದೇ ತಕ್ಕಡಿಗೆ ಹಾಕಬಾರದು. ಕುಳ್ಳಿನ ಬೂದಿ ನುಣುಪು, ಸ್ವಲ್ಪ ಕ್ಷಾರವೂ ಹೌದು. ಜಿಡ್ಡಿಗೆ ಒಳ್ಳೆಯದು, ಕಿಲುಬಿಗೆ ಸಾಲದು. ಇಟ್ಟಂಗಿ ಮತ್ತು ರಂಗೋಲಿಯ ಕಣ ಒರಟು. ದಪ್ಪ ಹಂಡೆಯ ಹೊರಮೈಗೆ ನಡೆದೀತು, ದೇವರ ಸಾಮಾನಿಗೆ ಬೇಡ. ಬಳಸಲೇಬೇಕೆಂದರೆ ತೆಳು ಬಟ್ಟೆಯಲ್ಲಿ ಸೋಸಿ ಕೆಳಗೆ ಬಿದ್ದದ್ದನ್ನಷ್ಟೇ ತೆಗೆದುಕೊಳ್ಳಿ. ಈ ಸಾಲಿನಲ್ಲಿ ಎಲ್ಲಕ್ಕಿಂತ ಮೇಲಿರುವುದು ವಿಭೂತಿ. ಪಾತ್ರೆ ಪೂರ್ತಿ ಒಣಗಿದ ಮೇಲೆ ಚಿಟಿಕೆ ವಿಭೂತಿ ಪುಡಿಯನ್ನು ಒಣ ಬಟ್ಟೆಗೆ ಹಾಕಿ ಉಜ್ಜಿದರೆ ಪೀತಾಂಬರಿ ಬಿಟ್ಟ ಮಬ್ಬು ಹೋಗಿ ಕನ್ನಡಿ ಹೊಳಪು ಬರುತ್ತದೆ. ಪುಡಿ ಮೆದು, ಗೀರು ಬೀಳಿಸುವುದಿಲ್ಲ. ಮುರಿದ ಗಟ್ಟಿಯ ಚೂರು ಮನೆಯಲ್ಲಿದ್ದೇ ಇರುತ್ತದೆ. ಅದನ್ನು ಹೀಗೆ ಬಳಸಲು ಮನಸ್ಸು ಒಪ್ಪದಿದ್ದರೆ ಸೀಮೆಸುಣ್ಣ ಅರೆದು ಸೋಸಿದ ಪುಡಿಯೂ ಆಗುತ್ತದೆ. ಟೂತ್‌ಪೇಸ್ಟ್ ಬಿಳಿಯದಾದರೆ ಉಂಗುರದಷ್ಟು ಸಣ್ಣ ಸಾಮಾನಿಗೆ ಸರಿ, ಜೆಲ್ ಆದರೆ ದಂಡ.

ಬ್ರಾಸೋ ಬೇರೆಯದೇ ಜಾತಿ. 1905ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಶುರುವಾದ ಈ ದ್ರವ ಇಲ್ಲಿ ಎನ್‌ಸಿಸಿ ಹುಡುಗರ ಬೆಲ್ಟಿನ ಬಕಲ್ಲಿನಿಂದ ಬ್ಯಾಂಡ್ ಸೆಟ್ಟಿನ ತುತ್ತೂರಿಯವರೆಗೆ ಎಲ್ಲ ಕಡೆ ಪರಿಚಿತ. ಇದರಲ್ಲಿ ಹುಳಿಗಿಂತ ಹೆಚ್ಚಾಗಿ ಕೆಲಸ ಮಾಡುವುದು ಎಣ್ಣೆಯಂಥ ದ್ರಾವಕ, ಅದರಲ್ಲಿ ತೇಲುವ ಅತಿ ನುಣುಪಾದ ಪುಡಿ, ಮತ್ತು ಅಮೋನಿಯ. ಮೂಗಿಗೆ ಹೊಡೆಯುವ ವಾಸನೆ ಅದರದ್ದೇ. ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಇಲ್ಲದಿದ್ದರೆ ಪುಡಿ ತಳದಲ್ಲೇ ಉಳಿದು ಬರೀ ದ್ರಾವಕ ಸುರಿಯುತ್ತೀರಿ. ಹತ್ತಿ ಬಟ್ಟೆಗೆ ಎರಡು ರೂಪಾಯಿ ನಾಣ್ಯದಷ್ಟು ಹಾಕಿ ಅಂಗೈಯಗಲ ಜಾಗ ತಿಕ್ಕಿ. ಬಟ್ಟೆ ಕಪ್ಪಾಗುತ್ತ ಹೋದರೆ ಕೆಲಸ ನಡೆದಿದೆ ಎಂದರ್ಥ. ಮಬ್ಬು ಪದರ ಒಣಗುತ್ತಿದ್ದ ಹಾಗೆ ಬೇರೆ ಶುದ್ಧ ಬಟ್ಟೆಯಿಂದ ಒರೆಸಿ. ಪೂರ್ತಿ ಒಣಗಿ ಗಂಟೆ ಕಳೆದರೆ ಒರೆಸುವುದು ಎರಡರಷ್ಟು ಕಷ್ಟ.

ಹೊಳಪಿನ ಮಟ್ಟದಲ್ಲಿ ಇದೇ ಮೊದಲು. ಅದು ಬಾಳುವುದೂ ಹೆಚ್ಚು ದಿನ, ಏಕೆಂದರೆ ನೀರು ಮುಟ್ಟಿಸದೇ ಕೆಲಸ ಮುಗಿಯುತ್ತದೆ, ಮೇಲೆ ಎಣ್ಣೆಯ ತೆಳು ಪದರವೂ ಉಳಿಯುತ್ತದೆ. ಆದರೆ ತಿನ್ನುವ, ಕುಡಿಯುವ ಪಾತ್ರೆಗೆ ಹಚ್ಚಬೇಡಿ. ತೀರ್ಥ ಕೊಡುವ ಪಂಚಪಾತ್ರೆ, ಉದ್ಧರಣೆ ಕೂಡ ಆ ಲೆಕ್ಕದಲ್ಲೇ ಬರುತ್ತವೆ. ದ್ರಾವಕಕ್ಕೆ ಬೆಂಕಿ ಹತ್ತುತ್ತದೆ: ದೇವರ ಮುಂದೆ ದೀಪ ಉರಿಯುವಾಗ ಪಕ್ಕದಲ್ಲಿ ಕೂತು ಗಂಟೆ ತಿಕ್ಕಬಾರದು, ಒರೆಸಿದ ಬಟ್ಟೆಯನ್ನು ಒಲೆಯ ಹತ್ತಿರ ಬಿಡಬಾರದು. ಬ್ಲೀಚ್ ಇರುವ ಬಚ್ಚಲ ದ್ರವದ ಜತೆ ಸೇರಿಸುವುದು ಇನ್ನೂ ಅಪಾಯ, ಅಮೋನಿಯಕ್ಕೆ ಬ್ಲೀಚ್ ಕೂಡಿದರೆ ವಿಷದ ಗಾಳಿ ಏಳುತ್ತದೆ.

ಅಮೋನಿಯಕ್ಕೂ ಹಿತ್ತಾಳೆಗೂ ಹಳೇ ವೈರ. ಬ್ರಿಟಿಷರ ಕಾಲದಲ್ಲಿ ಸೈನ್ಯದ ಹಿತ್ತಾಳೆ ತೋಟಾಗಳು ಈ ದೇಶದ ಮಳೆಗಾಲದಲ್ಲಿ ತಾವಾಗಿಯೇ ಸೀಳುತ್ತಿದ್ದವು. ಕುದುರೆ ಲಾಯದ ಮೂತ್ರದಿಂದ ಏಳುವ ಅಮೋನಿಯ, ತೇವ ಮತ್ತು ಬಡಿದು ಎಳೆದ ತಗಡಿನೊಳಗಿನ ಬಿಗಿತ, ಮೂರೂ ಸೇರಿ ಹೀಗಾಗುತ್ತದೆ ಎಂಬ ವಿವರಣೆ 1921ರಲ್ಲಿ ಬಂತು. ಬ್ರಾಸೋ ಹಚ್ಚಿ ಒರೆಸಿದರೆ ಅಂಥದ್ದೇನೂ ಆಗುವುದಿಲ್ಲ. ಆದರೆ ಹಾವೇರಿ, ಗದಗ ಕಡೆಯ ಹಳ್ಳಿಮನೆಗಳಲ್ಲಿ ದನದ ಕೊಟ್ಟಿಗೆಗೆ ಅಂಟಿದ ಕೋಣೆಯಲ್ಲಿ ತೆಳು ತಗಡಿನ ಕೊಡಗಳನ್ನು ವರ್ಷಗಟ್ಟಲೆ ಇಡುವುದು ಒಳ್ಳೆಯದಲ್ಲ. ಕುತ್ತಿಗೆಯ ಬಳಿ ಕೂದಲೆಳೆಯ ಸೀಳು ಕಂಡರೆ ಅದು ತಿಕ್ಕಿದ್ದರ ಗೀರಲ್ಲ.

ಅದ್ದಿ ತೆಗೆಯುವ ದ್ರವಗಳು, ಜಾತ್ರೆಯಲ್ಲಿ ಬಾಟಲಿ ಹಿಡಿದು ಕ್ಷಣದಲ್ಲಿ ಫಳಫಳ ಮಾಡಿ ತೋರಿಸುವಂಥವು, ತೀಕ್ಷ್ಣ ಆಮ್ಲದ ನೀರು. ಕಿಲುಬು ಹೋಗುವುದು ನಿಜ. ಆದರೆ ತಿಕ್ಕುವ ಪುಡಿ ಇಲ್ಲದ್ದರಿಂದ ಬರುವುದು ಹೊಳಪಲ್ಲ, ಬರೀ ಬೆತ್ತಲೆ ಲೋಹದ ಮಂಕು ಹಳದಿ. ಸೂಕ್ಷ್ಮವಾಗಿ ಒರಟಾದ ಆ ಮೈಗೆ ಗಾಳಿ ಬೇಗ ತಾಗುತ್ತದೆ, ಮೂರನೇ ದಿನಕ್ಕೆ ಮೊದಲಿಗಿಂತ ಕಪ್ಪು. ಕಕ್ಕಸು ತೊಳೆಯುವ ಆ್ಯಸಿಡ್ ಹಾಕುವವರೂ ಇದ್ದಾರೆ. ಅದು ಹೈಡ್ರೋಕ್ಲೋರಿಕ್, ಸತು ಕಿತ್ತು ಗುಳಿ ಬೀಳಿಸುತ್ತದೆ, ಉಳಿದ ಕ್ಲೋರೈಡ್ ಸಂದಿಯಲ್ಲಿ ಕೂತು ತಿಂಗಳುಗಳ ನಂತರವೂ ಹಸಿರು ಪುಡಿ ಎಬ್ಬಿಸುತ್ತಲೇ ಇರುತ್ತದೆ.

ತೊಳೆಯುವುದಕ್ಕೆ ಬರೋಣ. ಹುಳಿ ಬಳಸಿದ ಪಾತ್ರೆಯನ್ನು ಹರಿಯುವ ನೀರಲ್ಲಿ ಎರಡು ಸಲ ತೊಳೆದು, ಮೂರನೇ ಸಲ ಒಂದು ಲೀಟರ್ ನೀರಿಗೆ ಒಂದು ಚಹಾ ಚಮಚ ಅಡುಗೆ ಸೋಡಾ ಹಾಕಿ ಅದ್ದಿ ತೆಗೆಯಿರಿ. ಲಿಂಬೆಗೆ ಬೆರೆಸಿದರೆ ವ್ಯರ್ಥವಾಗುವ ಸೋಡಾ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಸಂದಿಯಲ್ಲಿ ಉಳಿದ ಹುಳಿಯನ್ನು ಕೊಲ್ಲುತ್ತದೆ. ಆಮೇಲೊಮ್ಮೆ ಸಾದಾ ನೀರು. ನಲ್ಲಿಯಲ್ಲಿ ಮಲಪ್ರಭಾ ನೀರು ಬರುವ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಇಷ್ಟು ಸಾಕು. ಗದಗ ಕಡೆ ಬೋರಿನ ಗಡಸು ನೀರಾದರೆ ಹನಿ ಒಣಗಿದಲ್ಲೆಲ್ಲ ಬಿಳಿ ಚುಕ್ಕಿ ಉಳಿಯುತ್ತದೆ. ಕೊನೆಯ ತೊಳೆತಕ್ಕೆ ಕುಡಿಯುವ ಫಿಲ್ಟರ್ ನೀರು ಒಂದು ಚೊಂಬು ತೆಗೆದಿಡಿ. ನೀರು ತಾನಾಗಿ ಒಣಗಲಿ ಎಂದು ಬೋರಲು ಹಾಕಬೇಡಿ. ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಬಿಸಿಲಿಗಿಟ್ಟು, ತಿರುಪಿನ ತುಂಡುಗಳನ್ನು ಆಮೇಲೆ ಜೋಡಿಸಿ. ಒದ್ದೆ ತಿರುಪು ಜೋಡಿಸಿದರೆ ಮುಂದಿನ ಸಲ ಬಿಚ್ಚಲು ಬರುವುದಿಲ್ಲ.

ಅಂಗಡಿ ಪಾಲಿಶ್ ಸೇವೆ ಹುಬ್ಬಳ್ಳಿ, ಗದಗ ಎರಡೂ ಕಡೆ ಭಾಂಡೆ ವ್ಯಾಪಾರದ ಗಲ್ಲಿಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ತಿರುಗುವ ಚಕ್ರಕ್ಕೆ ಪಾತ್ರೆ ಹಿಡಿಯುತ್ತಾರೆ: ಮೊದಲು ಎಮರಿ ಎಂಬ ಗಡಸು ಪುಡಿಯ ಚಕ್ರ, ಆಮೇಲೆ ಮೇಣದಂಥ ಪಾಲಿಶ್ ಬಳಿದ ಬಟ್ಟೆಯ ಚಕ್ರ. ಹೊಚ್ಚ ಹೊಸದರಂತೆ ಬರುತ್ತದೆ, ಅದಕ್ಕೆ ಕೊಡುವ ಬೆಲೆ ಲೋಹದ್ದು. ಪ್ರತಿ ಸಲ ಒಂದು ಪದರ ಹೋಗುತ್ತದೆ. ಮೂರ್ತಿಯ ಮೂಗು, ಗಂಟೆಯ ಮೇಲಿನ ನಂದಿಯ ಕಿವಿ, ಪಾತ್ರೆಯ ಮೇಲೆ ಕೊರೆಸಿದ ಅಜ್ಜನ ಹೆಸರು ಮಸುಕಾಗುತ್ತವೆ. ಹಳೇ ಪಂಚಲೋಹದ ಮೂರ್ತಿಗಳನ್ನು ಇದಕ್ಕೆ ಕೊಡಲೇಬೇಡಿ, ಮನೆಯಲ್ಲೂ ಪುಡಿ ಹಾಕಬೇಡಿ. ಮೆದು ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ಕೆತ್ತನೆ ಇದ್ದರೆ ‘ಎಮರಿ ಬ್ಯಾಡ್ರಿ, ಬರೇ ಬಟ್ಟಿ ಚಕ್ರ ಹಿಡೀರಿ’ ಎಂದು ಮೊದಲೇ ಹೇಳಿ, ದರವನ್ನೂ ಮೊದಲೇ ಮಾತಾಡಿ. ಗಣೇಶ ಚೌತಿ, ದೀಪಾವಳಿಯ ಹಿಂದಿನ ವಾರ ಕೊಡಬೇಡಿ, ಗದ್ದಲದಲ್ಲಿ ಎಲ್ಲವನ್ನೂ ಎಮರಿಗೇ ಹಿಡಿಯುವ ಸಂಭವ ಹೆಚ್ಚು. ಮನೆಗೆ ತಂದ ಮೇಲೆ ಸಂದಿಯಲ್ಲಿರುವ ಕಪ್ಪು ಮೇಣವನ್ನು ಬೆಚ್ಚಗಿನ ಸೋಪು ನೀರಲ್ಲಿ ಬ್ರಶ್ ಮಾಡಿ ತೆಗೆಯಿರಿ. ಮೇಲೆ ಲ್ಯಾಕರ್ ಹೊಡೆಯಲೇ ಎಂದು ಕೇಳಿದರೆ ಶೋಪೀಸಿಗೆ ಹೂಂ ಅನ್ನಿ, ದೀಪಕ್ಕೆ ಬೇಡ. ಉರಿಯ ಶಾಖಕ್ಕೆ ಅದು ಕಂದಾಗಿ ಸುಲಿಯುತ್ತದೆ.

ಒಳಗೆ ಕಲಾಯಿ ಇರುವ ಅಡುಗೆ ಪಾತ್ರೆಗಳ ಲೆಕ್ಕವೇ ಬೇರೆ. ಕಲಾಯಿ ಎಂದರೆ ತವರದ ತೆಳು ಪದರ. ಒಳಗೆ ಹುಣಸೆ, ಪುಡಿ, ಬ್ರಾಸೋ ಯಾವುದೂ ಮುಟ್ಟಬಾರದು, ಹೊರಮೈಗಷ್ಟೇ. ಒಳಗಡೆ ಹಳದಿ ಇಣುಕಿದರೆ ಅದರಲ್ಲಿ ಸಾರು, ಮಜ್ಜಿಗೆ, ಹುಳಿ ಯಾವುದನ್ನೂ ಇಡದೆ ಮೊದಲು ಕಲಾಯಿ ಹಾಕಿಸಿ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಆದ್ದರಿಂದ ಖಾಲಿ ಪಾತ್ರೆಯನ್ನು ಗ್ಯಾಸಿನ ದೊಡ್ಡ ಉರಿಯಲ್ಲಿ ಒಣಗಿಸಲು ಇಟ್ಟರೆ ಹಾಕಿಸಿದ ಕಲಾಯಿ ಹನಿಹನಿಯಾಗಿ ಒಂದು ಕಡೆ ಸೇರುತ್ತದೆ.

ಎತ್ತಿಡುವಾಗ ಹತ್ತಿ ಬಟ್ಟೆ ಸುತ್ತಿ. ಪೇಪರ್ ತೇವ ಹಿಡಿಯುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ಒಳಗಿನ ತೇವ ಹೊರಗೆ ಹೋಗುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಡಿ: ರಬ್ಬರಿನ ಗಂಧಕ ತಾಗಿದ ಕಡೆ ಕಪ್ಪು ಗೆರೆ ಬೀಳುತ್ತದೆ, ಅದು ಹುಣಸೆಗೂ ಸುಲಭಕ್ಕೆ ಜಗ್ಗುವುದಿಲ್ಲ. ಉಣ್ಣೆ ಬಟ್ಟೆಯಲ್ಲೂ ಗಂಧಕ ಇದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಗಾಜಿನ ಬಾಗಿಲಿನ ಕಪಾಟಿನೊಳಗಿಟ್ಟ ಸಾಮಾನು ಹೊರಗಿಟ್ಟದ್ದಕ್ಕಿಂತ ಹೆಚ್ಚು ದಿನ ಹೊಳೆಯುತ್ತದೆ. ಕಪಾಟಿನಲ್ಲಿ ಕರ್ಪೂರ, ಊದುಬತ್ತಿಯ ಪೊಟ್ಟಣ ಜತೆಗಿಡದಿದ್ದರೆ ಇನ್ನೂ ಒಳ್ಳೆಯದು.